ನೆರೆಹೊರೆಯ ಧರ್ಮ

ನೆರೆಯವರನ್ನು ಪ್ರೀತಿಸಬೇಕೆಂಬ ಕ್ರಿಸ್ತನ ಆಜ್ಞೆ ಬಲು ಹಳೆಯದು. ನೆರೆಯವನ ಹೆಸರೇ ತಿಳಿಯದ ಮಹಾನಗರದಲ್ಲಿ ಅದನ್ನು ನಡೆಸುವ ಬಗೆಯೆಂತು? 1873ರಲ್ಲಿ ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್ಲಿಗೆ ಬಂದ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ಟರಿಗೂ ಅವರ ಪತ್ನಿ ಹೆನ್ರಿಯೆಟ್ಟರಿಗೂ ಎದುರಾದ ಪ್ರಶ್ನೆ ಇದೇ. ಪಶ್ಚಿಮಭಾಗದ ಸಿರಿವಂತರು ದಾನವನ್ನು ಕಳುಹಿಸುತ್ತಿದ್ದರು. ತಾವು ಮಾತ್ರ ಬರುತ್ತಿರಲಿಲ್ಲ. ಕೈಯೊಡ್ಡಿದವರಿಗೆಲ್ಲ ಕಾಸು ಕೊಡಲು ಬಾರ್ನೆಟ್ಟರು ಒಪ್ಪಲಿಲ್ಲ. ಹಸಿದವರ ನಡುವೆ ಈ ಬಿಗಿ ಅತಿಯಾಯಿತೆಂದೇ ನಮ್ಮ ಎಣಿಕೆ. ಆದರೆ ಉಳ್ಳವರಿಂದ ಅವರು ಬೇಡಿದ್ದು ಹಣಕ್ಕಿಂತ ಬೆಲೆಯುಳ್ಳದ್ದನ್ನು. 1884ರಲ್ಲಿ ಅವರು ತೆರೆದ ಟಾಯ್ನ್‌ಬಿ ಹಾಲ್ ಎಂಬ ನಿವಾಸಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವೀಧರರು ವಾಸಕ್ಕೆ ಬಂದರು. ಹಗಲು ತಂತಮ್ಮ ಉದ್ಯೋಗ. ಸಂಜೆ ನೆರೆಯ ಕೂಲಿಕಾರರೊಡನೆ ಪಾಠ, ಚರ್ಚೆ. ಮತಬೋಧೆಯ ಕಟ್ಟಳೆ ಅಲ್ಲಿರಲಿಲ್ಲ. 1889ರಲ್ಲಿ ಬಂದರುಕಟ್ಟೆಯ ಕೂಲಿಗಳು ಮುಷ್ಕರ ಹೂಡಿದಾಗ ಈ ನಿವಾಸಿಗಳಲ್ಲಿ ಕೆಲವರು ಅವರ ಪಕ್ಷವನ್ನು ವಹಿಸಿದರು. ಗಂಟೆಗೆ 5 ಪೆನ್ನಿಯಿದ್ದ ಕೂಲಿ 6 ಪೆನ್ನಿಗೆ ಏರಿತು.