ಹಲಗಿ ಎಲ್ಲೈತಿ ಇದರಾಗ?

ನಮ್ಮಜ್ಜ ಲೋಕಾಪುರದಾಗ ಹರೇದಿಂದ ಮುಪ್ಪಿನ ತನಕ ಹಲಗಿ ಬಾರಿಸಿದಾವ. ಹೋದ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ನಮ್ಮ ಚಿಗವ್ವನ ಮಗ ಊಟಕ್ಕೆಂದು ಮನೆ ಮುಂದೆ ಗಾಡಿ ನಿಲ್ಲಿಸಿದ್ದ. ಗಾಡಿಗೆ ಕಟ್ಟಿದ ದೊಡ್ಡ ಸ್ಪೀಕರಿಗೆ ನನ್ನ ಮೊಬೈಲ್ ಜೋಡಿಸಿ ಒಂದು ಹಳೇ ಅಮೆರಿಕನ್ ಹಾಡು ಹಚ್ಚಿದೆ. 1954ರದು. ಎರಡು ನಿಮಿಷವೂ ಇಲ್ಲ. ಅಜ್ಜ ಕಟ್ಟಿಮ್ಯಾಲೆ ಕುಂತು ಕೇಳಿದ. ಮುಗಿದ ಮೇಲೆ ಒಂದೇ ಮಾತು ಕೇಳಿದ: "ಕುಣಿಸಾಕತ್ತೈತಿ ಖರೆ. ಆದ್ರ ಹಲಗಿ ಎಲ್ಲೈತೋ ತಮ್ಮಾ ಇದರಾಗ?"

ಪದವಿ ಓದಿದ ನನಗೆ ಹೊಳೆಯದ್ದು ಅಕ್ಷರ ಬಾರದ ಅಜ್ಜನ ಕಿವಿಗೆ ಸಿಕ್ಕಿತ್ತು. ಆ ತಟ್ಟೆಯಲ್ಲಿ ಚರ್ಮವಾದ್ಯವೇ ಇಲ್ಲ. ಇದ್ದವರು ಮೂರೇ ಜನ. ಹಾಡಿದವನು ಎಲ್ವಿಸ್ ಪ್ರೀಸ್ಲಿ, ಗಿಟಾರಿಗೆ ಸ್ಕಾಟಿ ಮೂರ್, ದೊಡ್ಡ ತಂತಿವಾದ್ಯಕ್ಕೆ ಬಿಲ್ ಬ್ಲ್ಯಾಕ್. ಈ ಬಿಲ್ ತಂತಿಯನ್ನು ಜಗ್ಗಿ ಕಟ್ಟಿಗೆಗೆ ಬಡಿಯುತ್ತಾನೆ. ಆ ಬಡಿತವೇ ಹಲಗಿಯ ಕೆಲಸ ಮಾಡುತ್ತದೆ. 1954ರ ಜುಲೈ 5ರಂದು ಮೆಂಫಿಸ್ ಊರಿನ ಸನ್ ಎಂಬ ಸಣ್ಣ ಕಂಪನಿಯ ಒಂದು ಕೋಣೆಯಲ್ಲಿ ಇದು ಅಚ್ಚಾಯಿತು. ಇದಕ್ಕೆ ಆಮೇಲೆ ರಾಕಬಿಲಿ ಎಂದು ಹೆಸರು ಬಂತು. 'ಹಿಲ್‌ಬಿಲಿ' ಅಂದರೆ ಗುಡ್ಡಗಾಡಿನ ಬಡ ಬಿಳಿಯರನ್ನು ಪೇಟೆಯವರು ಹೀಯಾಳಿಸುತ್ತಿದ್ದ ಮಾತು. ನಮ್ಮಲ್ಲಿ 'ಹಳ್ಳಿಗಮಾರ' ಅಂತಾರಲ್ಲ, ಹಾಗೆ.

ಇವರನ್ನು ಬರೇ ಕಳ್ಳರೆಂದು ಕರೆದು ಮುಗಿಸುವಂತಿಲ್ಲ ಗೆಳೆಯರೆ. ಎಲ್ವಿಸ್ 1935ರಲ್ಲಿ ಹುಟ್ಟಿದ್ದು ಮಿಸಿಸಿಪಿಯ ಟುಪೆಲೊದ ಎರಡು ಕೋಣೆಯ ಮನೆಯಲ್ಲಿ. ಅಪ್ಪ ಒಂದು ಚೆಕ್ಕು ತಿದ್ದಿದ್ದಕ್ಕೆ ಜೈಲು ಕಂಡವನು. ಮಗ ಟ್ರಕ್ ಹೊಡೆಯುತ್ತಿದ್ದ. ಕಾರ್ಲ್ ಪರ್ಕಿನ್ಸ್ ಎಂಬ ಇನ್ನೊಬ್ಬ ರಾಕಬಿಲಿ ಹಾಡುಗಾರ ಪಾಲಿನ ಹೊಲದ ಮನೆಯವನು. ಕರಿಯ ಕೂಲಿಗಳ ಜತೆ ಹತ್ತಿ ಬಿಡಿಸುತ್ತಾ, ಅದೇ ಹೊಲದ ಒಬ್ಬ ಕರಿಯ ಮುದುಕನಿಂದ ಗಿಟಾರ್ ಕಲಿತ. ಹೊಲ ಒಂದೇ, ಬಿಸಿಲು ಒಂದೇ. ಆದರೆ ಸಂಜೆಗೆ ಬಸ್ಸು ಹತ್ತಿದಾಗ ಕೂಡುವ ಜಾಗ ಬೇರೆ.

ತಟ್ಟೆಗಳಿಗೂ ಕೇರಿ ಇತ್ತು! ಕರಿಯರು ಹಾಡಿದ್ದನ್ನು 'ರೇಸ್ ರೆಕಾರ್ಡ್ಸ್', ಅಂದರೆ 'ಜನಾಂಗದ ತಟ್ಟೆ' ಎಂದು ಬೇರೆಯೇ ಪಟ್ಟಿ ಮಾಡಿ ಮಾರುತ್ತಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಹೆಸರು ತೆಗೆದು 'ರಿದಮ್ ಅಂಡ್ ಬ್ಲೂಸ್' ಎಂದಿತು. ಹೆಸರು ಬದಲಾದರೆ ಕೇರಿ ಬದಲಾಗುತ್ತದೆಯೇ? ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಜ್ಜ ಕೇಳಿದ ಹಾಡು ಎಲ್ವಿಸನದಲ್ಲ. ಅದನ್ನು ಕಟ್ಟಿ 1946ರಲ್ಲಿ ಹಾಡಿದವನು ಆರ್ಥರ್ ಕ್ರುಡಪ್, 1905ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದ ಕರಿಯ ಕೂಲಿಕಾರ. ಸನ್ ಕಂಪನಿ ತಟ್ಟೆಯ ಮೇಲೆ ಅವನ ಹೆಸರು ಹಾಕಿತ್ತು. ಹೆಸರಿತ್ತು, ರೊಕ್ಕ ಇರಲಿಲ್ಲ. ಹಾಡಿನ ಹಕ್ಕು ಲೆಸ್ಟರ್ ಮೆಲ್ರೋಸ್ ಎಂಬ ದಲ್ಲಾಳಿಯ ಕೈಲಿತ್ತು. ಜಗತ್ತೆಲ್ಲ ಆ ಹಾಡಿಗೆ ಕುಣಿಯುವಾಗ ಕ್ರುಡಪ್ ಹೊಲದ ಕೂಲಿ ಮಾಡುತ್ತಿದ್ದ. ಕಡೆಗಾಲದಲ್ಲಿ ನ್ಯಾಯ ಕೇಳಿ ಅಲೆದ. ತನಗೆ ಸಲ್ಲಬೇಕಾದದ್ದು ಪೂರಾ ಕೈಗೆ ಬರುವ ಮೊದಲೇ 1974ರಲ್ಲಿ ತೀರಿಕೊಂಡ. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಹೆಣ್ಣುಮಗಳ ಪಾಡೂ ಇದೇ. ಅವಳ ದನಿಯಲ್ಲಿ 1953ರಲ್ಲಿ ಗೆದ್ದ 'ಹೌಂಡ್ ಡಾಗ್' ಹಾಡನ್ನು 1956ರಲ್ಲಿ ಎಲ್ವಿಸ್ ಹಾಡಿ ಕೋಟಿ ಗಳಿಸಿದ. ತನಗೆ ಸಿಕ್ಕಿದ್ದು 500 ಡಾಲರ್ ಎಂದು ಅವಳೇ ಹೇಳಿಕೊಂಡಿದ್ದಾಳೆ.

1955ರ ನವೆಂಬರಿನಲ್ಲಿ ಆರ್‌ಸಿಎ ಎಂಬ ದೊಡ್ಡ ಕಂಪನಿ 35,000 ಡಾಲರ್ ಕೊಟ್ಟು ಎಲ್ವಿಸನ ಕರಾರನ್ನು ಸನ್‌ನಿಂದ ಕೊಂಡಿತು. ಬಂಡವಾಳ ದನದ ಸಂತೆಯಲ್ಲಿ ಹಲ್ಲು ನೋಡಿ ಎತ್ತು ಕೊಂಡಂತೆ ಹುಡುಗನನ್ನು ಕೊಂಡಿತು. 1956ರ ಮಾರ್ಚಿನಲ್ಲಿ ಅವನ ಮೊದಲ ಆಲ್ಬಂ ಬಂತು. 12 ಹಾಡು. ಅದರಲ್ಲಿ ಐದು ಸನ್ ಕೋಣೆಯಲ್ಲಿ ಉಳಿದಿದ್ದ ಹಳೇ ಮಾಲು. ಉಳಿದವುಗಳಲ್ಲಿ ಲಿಟಲ್ ರಿಚರ್ಡನದೊಂದು, ರೇ ಚಾರ್ಲ್ಸನದೊಂದು, ಪರ್ಕಿನ್ಸನದೊಂದು. ರಾಕ್ ಅಂಡ್ ರೋಲ್ ತಟ್ಟೆಯೊಂದು ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ಹತ್ತು ವಾರ ಅಲ್ಲೇ ಕುಂತಿತು. ಜತೆಗೆ ಹುಟ್ಟಿದ ಸ್ಕಾಟಿ, ಬಿಲ್ ಇಬ್ಬರಿಗೂ ಪಾಲಿಲ್ಲ, ವಾರದ ಪಗಾರ ಮಾತ್ರ. ಆಟವಿದ್ದ ವಾರ 200 ಡಾಲರ್, ಇಲ್ಲದ ವಾರ 100. 1957ರಲ್ಲಿ ಇಬ್ಬರೂ ಬಿಟ್ಟು ಹೊರಟರು.

ಸನ್ ಕಂಪನಿಯ ಸ್ಯಾಮ್ ಫಿಲಿಪ್ಸ್ ಅದೇ ಕೋಣೆಯಲ್ಲಿ ಮೊದಲು ಅಚ್ಚು ಮಾಡಿದ್ದು ಕರಿಯರ ದನಿಯನ್ನೇ. 1951ರ 'ರಾಕೆಟ್ 88' ಅಲ್ಲಿಯದೇ, ಅದೇ ಮೊದಲ ರಾಕ್ ಅಂಡ್ ರೋಲ್ ಎನ್ನುವವರು ಬಹಳ. ಬಿಳಿ ಹುಡುಗ ಗೆದ್ದ ಮೇಲೆ ಕರಿಯರಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಎಲ್ವಿಸ್ ಒಂದು ಮಾತಿನಲ್ಲಿ ಪ್ರಾಮಾಣಿಕನಾಗಿದ್ದ. ಇದು ಕರಿಯರು ತಮ್ಮ ಗುಡಿಸಲುಗಳಲ್ಲಿ ಎಂದಿನಿಂದಲೋ ಹಾಡುತ್ತ ಬಂದದ್ದು, ನಾನು ಕ್ರುಡಪ್‌ನನ್ನು ಕೇಳಿ ಬೆಳೆದವನು ಎಂದು 1956ರಲ್ಲೇ ಪತ್ರಿಕೆಯವರಿಗೆ ಹೇಳಿದ. ಒಪ್ಪೋಣ. ಒಪ್ಪಿದರೆ ಕ್ರುಡಪ್‌ನ ಒಲೆ ಉರಿಯುವುದಿಲ್ಲ.

ಆ ಆಲ್ಬಂ ಮಾರಾಟವಾಗುವ ದಿನಗಳಲ್ಲಿ ಮಾಂಟ್‌ಗಮರಿಯ ಕರಿಯರು ಬಸ್ಸು ಹತ್ತದೆ ನಡೆದೇ ಕೂಲಿಗೆ ಹೋಗುತ್ತಿದ್ದರು. 381 ದಿನ ನಡೆದರು. ಅದೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬುದ್ಧನಿಗೆ ಶರಣು ಹೋದರು. ಇವರಿಗೂ ಅವರಿಗೂ ಇರುವ ನಂಟನ್ನು ನಾವು ಈಗ ಹೊಲಿಯುತ್ತಿಲ್ಲ. 1946ರಲ್ಲೇ ಬಾಬಾಸಾಹೇಬರು ಕರಿಯರ ನಾಯಕ ಡುಬಾಯ್ಸ್‌ಗೆ ಪತ್ರ ಬರೆದಿದ್ದರು. ಕ್ರುಡಪ್ ಆ ಹಾಡು ಹಾಡಿದ ವರ್ಷವೂ ಅದೇ.

ಮತ್ತೆ ಹಲಗಿಗೆ ಬರೋಣ. 1739ರಲ್ಲಿ ದಕ್ಷಿಣ ಕೆರೊಲಿನಾದ ಗುಲಾಮರು ಡೋಲು ಬಾರಿಸಿ ಜನ ಕೂಡಿಸಿ ದಂಗೆ ಎದ್ದರು. ಮರುವರ್ಷ ಒಡೆಯರು ಕಾನೂನು ಮಾಡಿ ಗುಲಾಮರ ಡೋಲು, ಕೊಂಬು ಕಸಿದುಕೊಂಡರು. ಅದೇ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನೂ ನಿಷೇಧಿಸಿತು. ಅಲ್ಲಿ ಒಡೆಯ ಡೋಲು ಕಸಿದ. ಇಲ್ಲಿ ಒಡೆಯ ಹಲಗಿ ಕೊರಳಿಗೆ ಕಟ್ಟಿದ: ಹೆಣ ಎತ್ತಿದರೆ ಬಾರಿಸು, ಜಾತ್ರಿಗೆ ಬಾರಿಸು, ಡಂಗುರಕ್ಕೆ ಬಾರಿಸು, ಗುಡಿ ಒಳಗೆ ಮಾತ್ರ ಬರಬೇಡ. ಅಕ್ಷರ ಎರಡೂ ಕಡೆ ಕೊಡಲಿಲ್ಲ. ಕಸಿದ ಡೋಲನ್ನು ಅವರು ಚಪ್ಪಾಳೆಯಲ್ಲಿ, ತೊಡೆಯಲ್ಲಿ, ಪಾದದಲ್ಲಿ ಬಚ್ಚಿಟ್ಟು ಉಳಿಸಿದರು. ನಾವು ಕಟ್ಟಿದ್ದನ್ನು ಬಿಚ್ಚಬೇಕಾಗಿತ್ತು. ನಮ್ಮಜ್ಜ ಒಂದು ದಿನ ಹೆಣದ ಮುಂದೆ ಬಾರಿಸೋದಿಲ್ಲ ಅಂದ. ಅದಕ್ಕೆ ಅಂವ ಏನು ತೆತ್ತ ಎನ್ನುವುದು ಬೇರೆ ಕಥೆ. ಹಲಗಿ ಮಾತ್ರ ಸುಡಲಿಲ್ಲ. ಗೋಡೆಗೆ ತೂಗುಹಾಕಿದ.

ನಮ್ಮ ಸೀಮೆಗೂ ತಟ್ಟೆ ಬಂದಿತ್ತು. ಬೀಳಗಿಯ ಅಮೀರಬಾಯಿ ಮುಂಬೈಗೆ ಹೋಗಿ 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ ದೇಶಕ್ಕೇ ಗೊತ್ತಾದಳು. ಅವಳೂ ಅಕ್ಕ ಗೋಹರಬಾಯಿಯೂ ತಟ್ಟೆಯ ಮೇಲೆ ಮನೆತನದ ಹೆಸರಿನ ಬದಲು 'ಕರ್ನಾಟಕಿ' ಎಂದು ಹಾಕಿಸಿಕೊಂಡರು. ಹೆಮ್ಮೆಯ ಮಾತು. ಆದರೆ ಅದೇ ಸೀಮೆಯ ಹಲಗಿಯವನ, ಚೌಡಕಿಯವಳ ಹೆಸರು ಯಾವ ತಟ್ಟೆಯ ಮೇಲೂ ನಾನು ಓದಿಲ್ಲ. ಆ ಕಾಲದ ತಟ್ಟೆ ಆಗುತ್ತಿದ್ದುದು ಅರಗಿನಿಂದ, ಅರಗು ಕೂಡಿಸುತ್ತಿದ್ದವರು ಛೋಟಾನಾಗಪುರದ ಆದಿವಾಸಿಗಳು. ಅವರ ದನಿಯನ್ನು ಯಾರು ಕೇಳಿದರು?

ಅವತ್ತು ಅಜ್ಜನ ಪ್ರಶ್ನೆಗೆ ಉತ್ತರ ಹುಡುಕಿ ಕ್ರುಡಪ್‌ನ 1946ರ ಹಾಡನ್ನೇ ಹಚ್ಚಿದೆ. ಅದೇ ಹಾಡು, ಬೇರೆ ಗಂಟಲು. ಅದರಲ್ಲಿ ಜಡ್ಜ್ ರೈಲಿ ಎಂಬಾತ ಡ್ರಮ್ ಬಾರಿಸಿದ್ದಾನೆ. ಅಜ್ಜ ತಲಿ ವಾರಿ ಮಾಡಿ ಕೇಳಿದ. ಕೈಬೆರಳು ಟ್ರೇಲರಿನ ತಗಡಿನ ಮ್ಯಾಲೆ ಆಡಾಕತ್ತಿದವು.

"ಇದರಾಗ ಐತಲ್ಲೋ" ಅಂದ. "ಇನ್ನೊಮ್ಮಿ ಹಚ್ಚು."