ತನ್ನ ಕೈಯನ್ನು ತಾನೇ ಅಳೆಯುವುದು



ಪರೀಕ್ಷೆ ಬರೆದು ಹೊರಬಂದಾಗ ‘ಎಂಬತ್ತು ಅಂಕ ಖಂಡಿತ’ ಎಂದು ನೀವು ಹೇಳಿದ್ದುಂಟು. ಫಲಿತಾಂಶ ಬಂದಾಗ ಅದು ಅರವತ್ತಾಗಿದ್ದೂ ಉಂಟು. ಅಲ್ಲಿ ನಷ್ಟ ನಿಮಗೊಬ್ಬರಿಗೇ. ಆದರೆ ಶಸ್ತ್ರಚಿಕಿತ್ಸೆ ಕಲಿಯುತ್ತಿರುವ ವೈದ್ಯರು ‘ಇದು ನನಗೆ ಬರುತ್ತದೆ’ ಎಂದು ತಪ್ಪಾಗಿ ತಿಳಿದರೆ? ನಷ್ಟ ಮೇಜಿನ ಮೇಲೆ ಮಲಗಿದವರದು.

ಉಡುಪಿಯ ಪಕ್ಕದ ಮಣಿಪಾಲದ ಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಅಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ರೋಗಿಯ ಬಳಿ ನಿಂತು ಕಲಿಯಲು ವಿದ್ಯಾರ್ಥಿಗಳು ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಹೋಗಬೇಕಾಗಿತ್ತು. 1961ರಲ್ಲಿ ಮಣಿಪಾಲದಲ್ಲೇ ಕಸ್ತೂರಬಾ ಆಸ್ಪತ್ರೆ ತೆರೆಯಿತು. ಕಾಪು, ಕಾರ್ಕಳದ ಕಡೆಯಿಂದ ಅಲ್ಲಿಗೆ ಬರುವ ರೋಗಿ ಕೇಳದೆ ಉಳಿಸಿಕೊಳ್ಳುವ ಪ್ರಶ್ನೆ ಒಂದಿದೆ: ಈ ಕಿರಿಯ ವೈದ್ಯರಿಗೆ ತಮ್ಮ ಕೈಯ ಅಳತೆ ಗೊತ್ತೇ?

ಪ್ರಶ್ನೆ ಹೊಸದಲ್ಲ. ಕುಂಬಳ, ಸೋರೆ, ಕಲ್ಲಂಗಡಿಗಳನ್ನು ಕೊಯ್ದು, ಬಟ್ಟೆಯ ಬೊಂಬೆಗೆ ಪಟ್ಟಿ ಕಟ್ಟಿ ಕೈ ಪಳಗಿಸಿಕೊಳ್ಳಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಶಾಸ್ತ್ರವನ್ನೆಲ್ಲ ಓದಿದರೂ ಅಭ್ಯಾಸವಿಲ್ಲದವನು ಕೆಲಸಕ್ಕೆ ಯೋಗ್ಯನಲ್ಲ ಎಂಬುದು ಅದರ ಮಾತು.

ಅಭ್ಯಾಸ ಸಾಕಾಯಿತೆಂದು ತಿಳಿಯುವುದು ಹೇಗೆ? 1890ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹಾರ್ವೆ ಕುಶಿಂಗ್ ಮತ್ತು ಅರ್ನೆಸ್ಟ್ ಕಾಡ್ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು ರೋಗಿಗಳಿಗೆ ಈಥರ್ ಕೊಡುತ್ತಿದ್ದರು. ಕುಶಿಂಗ್ ಈಥರ್ ಕೊಟ್ಟ ಒಬ್ಬ ರೋಗಿ ತೀರಿಕೊಂಡದ್ದು ಅವನನ್ನು ಬಹಳ ಕಾಡಿತು. ಯಾರು ಚೆನ್ನಾಗಿ ಕೊಡುತ್ತಾರೆಂದು ಗೆಳೆಯರು ಒಂದು ಊಟದ ಪಂದ್ಯ ಕಟ್ಟಿ, ನಾಡಿ, ಉಸಿರುಗಳನ್ನು ಹಾಳೆಯಲ್ಲಿ ಗುರುತಿಸತೊಡಗಿದರು. ‘ನಾನು ಚೆನ್ನಾಗಿ ಮಾಡಿದೆ’ ಎಂಬ ಮಾತಿನ ಜಾಗದಲ್ಲಿ ಬರಹದ ದಾಖಲೆ ಬಂತು.

ಕಾಡ್ಮನ್ ಇಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ರೋಗಿಯನ್ನೂ ವರ್ಷದ ಬಳಿಕ ವಿಚಾರಿಸಿ ಚಿಕಿತ್ಸೆಯ ಫಲ ಬರೆದಿಡಬೇಕೆಂದು ವಾದಿಸಿದ. 1911ರಿಂದ 1916ರವರೆಗೆ ತನ್ನ ಚಿಕ್ಕ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳ ವಿವರದಲ್ಲಿ 123 ತಪ್ಪುಗಳನ್ನು ಗುರುತಿಸಿ, ಅವು ಕೌಶಲದ ಕೊರತೆಯೋ, ವಿವೇಚನೆಯ ಕೊರತೆಯೋ ಎಂದು ವಿಂಗಡಿಸಿ ಅಚ್ಚುಹಾಕಿಸಿದ. ಸಹೋದ್ಯೋಗಿಗಳಿಗೆ ಇದು ರುಚಿಸಲಿಲ್ಲ.

ಆದರೂ ಅವನ ದಾರಿ ಸರಿಯಾಗಿತ್ತು. ವೈದ್ಯರ ಸ್ವಂತ ಅಂದಾಜನ್ನು ಹೊರಗಿನವರ ಅಳತೆಯೊಂದಿಗೆ ಹೋಲಿಸಿದ ಅಧ್ಯಯನಗಳನ್ನು 2006ರಲ್ಲಿ ಒಟ್ಟಾಗಿ ಪರಿಶೀಲಿಸಲಾಯಿತು. 20 ಹೋಲಿಕೆಗಳಲ್ಲಿ 13ರಲ್ಲಿ ಎರಡಕ್ಕೂ ಹೊಂದಿಕೆ ಅಲ್ಪವಾಗಿತ್ತು, ಇಲ್ಲವೇ ವಿರುದ್ಧವಾಗಿತ್ತು. ಕೆಲವು ಅಧ್ಯಯನಗಳಲ್ಲಿ, ಕೌಶಲ ಕಡಿಮೆ ಇದ್ದವರ ಮತ್ತು ಧೈರ್ಯ ಅತಿಯಾಗಿದ್ದವರ ಲೆಕ್ಕವೇ ಹೆಚ್ಚು ತಪ್ಪಿತ್ತು.

ಇದು ಅಹಂಕಾರದ ಮಾತಷ್ಟೇ ಅಲ್ಲ. ತಪ್ಪನ್ನು ಗುರುತಿಸಲೂ ಆ ಕೆಲಸವೇ ಗೊತ್ತಿರಬೇಕು. ಆದ್ದರಿಂದಲೇ ನಮ್ಮ ದೇಶದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು, ಮಣಿಪಾಲದವರೂ ಸೇರಿ, ಲಾಗ್‌ಬುಕ್ ಇಡಬೇಕೆಂಬ ನಿಯಮವಿದೆ: ನೋಡಿದ್ದೆಷ್ಟು, ನೆರವಾದದ್ದೆಷ್ಟು, ಸ್ವತಃ ಮಾಡಿದ್ದೆಷ್ಟು ಎಂಬ ಲೆಕ್ಕ, ಅದರ ಮೇಲೆ ಗುರುಗಳ ಕಣ್ಣು.

ಕಾಪುವಿನ ಕಡಲತೀರದ ದೀಪಸ್ತಂಭ 1901ರಿಂದ ನಿಂತಿದೆ. ಕತ್ತಲಲ್ಲಿ ದೋಣಿಯವರು ತಾವೆಲ್ಲಿದ್ದೇವೆಂದು ತಿಳಿಯುವುದು ಆ ಬೆಳಕಿನಿಂದ. ನೀವೂ ಮುಂದಿನ ಪರೀಕ್ಷೆ ಮುಗಿದೊಡನೆ ನಿರೀಕ್ಷಿಸುವ ಅಂಕವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಫಲಿತಾಂಶ ಬಂದ ದಿನ ಅದನ್ನು ತೆಗೆದು ನೋಡಿ.