ನರಸಂದೇಶದ ವೇಗ: ಹೆಲ್ಮ್‌ಹೋಲ್ಟ್ಸ್ ಅವರ ಕಳೆಯುವ ಲೆಕ್ಕ ಮತ್ತು ಅದರ ಮಿತಿ

ನರದಲ್ಲಿ ಸಂದೇಶ ಹರಿಯುವ ವೇಗವನ್ನು ಅಳೆಯುವುದು ಮನುಷ್ಯನ ಕೈಲಾಗದು ಎಂದು ಬರ್ಲಿನ್ನಿನ ಶರೀರಕ್ರಿಯಾಶಾಸ್ತ್ರಜ್ಞ ಯೋಹಾನೆಸ್ ಮ್ಯೂಲರ್ ನಂಬಿದ್ದರು. ಅವರ ಶಿಷ್ಯರೇ ಆದ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದು ತೋರಿಸಿದರು: ಸೆಕೆಂಡಿಗೆ ಸುಮಾರು 27 ಮೀಟರ್. ಗಾಳಿಯಲ್ಲಿ ಶಬ್ದ ಸಾಗುವ ವೇಗದ ಹತ್ತನೆಯ ಒಂದು ಪಾಲೂ ಅಲ್ಲ. ಪಠ್ಯಪುಸ್ತಕಗಳು ಈ ಅಂಕಿಯನ್ನೇ ಎತ್ತಿ ಹೇಳುತ್ತವೆ. ಅಂಕಿಗಿಂತ ಅದನ್ನು ಪಡೆದ ಬಗೆಯೇ ಹೆಚ್ಚು ಬಾಳಿದೆ ಎಂಬುದು ನನ್ನ ವಾದ.

ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ, ಸ್ನಾಯು ಸಂಕುಚಿಸುವವರೆಗಿನ ಕಾಲವನ್ನು ಅಳೆದರೆ ಸಾಲದು. ನರ ಸ್ನಾಯುವನ್ನು ಕೂಡುವಲ್ಲಿ ಆಗುವ ತಡ, ಸ್ನಾಯು ತಾನೇ ಮಾಡುವ ತಡ ಎರಡೂ ಅದರಲ್ಲಿ ಬೆರೆತಿರುತ್ತವೆ. ಹೆಲ್ಮ್‌ಹೋಲ್ಟ್ಸ್ ನರವನ್ನು ಒಮ್ಮೆ ಸ್ನಾಯುವಿನ ಹತ್ತಿರ, ಇನ್ನೊಮ್ಮೆ ದೂರದಲ್ಲಿ ಪ್ರಚೋದಿಸಿ, ಒಂದು ಕಾಲದಿಂದ ಇನ್ನೊಂದನ್ನು ಕಳೆದರು. ಎರಡಕ್ಕೂ ಸಮಾನವಾದ ತಡ ಬಿದ್ದುಹೋಗಿ, ಆ ಎರಡು ಬಿಂದುಗಳ ನಡುವಿನ ಪಯಣದ ಕಾಲವಷ್ಟೇ ಉಳಿಯಿತು.

ಮನುಷ್ಯರ ಸಂವೇದನಾ ನರಗಳಿಗೆ ಇದೇ ಲೆಕ್ಕ ಹೂಡಿದಾಗ ಮಾತ್ರ ಒಬ್ಬೊಬ್ಬ ಪ್ರಯೋಗಕಾರರಿಗೆ ಒಂದೊಂದು ಅಂಕಿ ಬಂತು. ಚರ್ಮಕ್ಕೆ ತಾಗಿದ್ದನ್ನು ಅರಿತು ಕೈಯಾಡಿಸುವ ಹೊತ್ತಿಗೆ ನಡುವೆ ಮಿದುಳು ಬರುತ್ತದೆ. ಅದರ ತಡ ಪ್ರತಿ ಸಲವೂ ಒಂದೇ ಅಲ್ಲ. ಸಮಾನವಲ್ಲದ್ದನ್ನು ಕಳೆಯುವುದು ಹೇಗೆ?

ಇಂದು ಆಸ್ಪತ್ರೆಗಳಲ್ಲಿ ನಡೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ, ಚಾಲಕ ನರಗಳ ಮಟ್ಟಿಗೆ, ಅದೇ ಹಳೆಯ ಲೆಕ್ಕವಿದೆ. ಮಣಿಕಟ್ಟಿನಲ್ಲಿ ಒಮ್ಮೆ, ಮೊಣಕೈಯಲ್ಲಿ ಒಮ್ಮೆ ಪ್ರಚೋದನೆ, ಆಮೇಲೆ ವ್ಯವಕಲನ. ಆರೋಗ್ಯವಂತ ವಯಸ್ಕರ ಕೈಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ವೇಗ ಸಿಗುತ್ತದೆ. ಕೈ ತಣ್ಣಗಿದ್ದರೆ ಡಿಗ್ರಿಗೆ ಸುಮಾರು 2 ಮೀಟರಿನಂತೆ ಇಳಿಯುತ್ತದೆ. ಹವಾನಿಯಂತ್ರಿತ ಕೊಠಡಿಯಲ್ಲಿ ಕೈ ಬೆಚ್ಚಗಾಗಿಸದೆ ಅಳೆದ ವರದಿಯನ್ನು ಅನುಮಾನದಿಂದಲೇ ಓದಬೇಕು.

ಇದಕ್ಕಿಂತ ಆಳವಾದ ಮಿತಿಯೊಂದಿದೆ. ಪರೀಕ್ಷೆಗೆ ಕಾಣುವುದು ದಪ್ಪನೆಯ, ಮೈಲಿನ್ ಹೊದಿಕೆಯುಳ್ಳ ವೇಗದ ತಂತುಗಳು ಮಾತ್ರ. ಉರಿ, ಬಿಸಿ, ಮಂದ ನೋವನ್ನು ಒಯ್ಯುವ ಹೊದಿಕೆಯಿಲ್ಲದ ಸಿ ತಂತುಗಳ ವೇಗ ಸೆಕೆಂಡಿಗೆ 0.5ರಿಂದ 2 ಮೀಟರ್. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ಚುರುಕ್ಕೆಂದು, ಕೊಂಚ ತಡೆದು ಉರಿಯುತ್ತಾ ಬರುವ ಎರಡನೆಯ ನೋವು ಇವುಗಳದ್ದೇ. ಸಕ್ಕರೆ ಕಾಯಿಲೆಯಲ್ಲಿ ಈ ಸಣ್ಣ ತಂತುಗಳಷ್ಟೇ ಕೆಟ್ಟಿದ್ದರೆ, ಅಂಗಾಲು ಉರಿಯುತ್ತಿದ್ದರೂ ವರದಿ ‘ಸಹಜ’ ಎಂದೇ ಬರುತ್ತದೆ. ಅಂಥ ರೋಗಿಯ ದೂರನ್ನು ಬರಿಯ ಮನಸ್ಸಿನ ಕಾಟವೆಂದು ತಳ್ಳಿಹಾಕುವ ಮುನ್ನ, ಕಾಲಿನಿಂದ ಚರ್ಮದ ಚೂರೊಂದನ್ನು ತೆಗೆದು ಅದರಲ್ಲಿನ ನರತಂತುಗಳ ಸಾಂದ್ರತೆಯನ್ನು ಸೂಕ್ಷ್ಮದರ್ಶಕದಡಿ ಎಣಿಸಿ ನೋಡುವ ದಾರಿ ಇದೆ.